ಮೈಟೊಕಾಂಡ್ರಿಯದ ಒಳಗೆ ಪ್ರೋಟೀನ್ ಹೋಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಪಿಯುಸಿ ಮತ್ತು ಬಿಎಸ್ಸಿ ಮಕ್ಕಳು ಜೀವಕೋಶದ ಪಾಠ ಮುಗಿದ ಮೇಲೆ ಕೇಳುವ ಪ್ರಶ್ನೆಗಳು ಇವು. ಒಂದೆರಡು ಅವರ ಮನೆಯವರು ಕೇಳಿದ್ದು. ಮೈಟೊಕಾಂಡ್ರಿಯ ಅಂದರೆ ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವ, ಕೋಶದೊಳಗಿನ ಸಣ್ಣ ಅಂಗ. ಪರೀಕ್ಷೆಗೆ ಬೇಕಾದಷ್ಟೇ ಸಾಕು ಅನ್ನುವವರು ಮೊದಲ ನಾಲ್ಕೈದು ಉತ್ತರ ಓದಿ ಎದ್ದು ಹೋಗಬಹುದು. ಮಜಾ ಇರುವುದು ಆಮೇಲೆ.

ಮೈಟೊಕಾಂಡ್ರಿಯಕ್ಕೆ ಸ್ವಂತ ಡಿಎನ್‌ಎ ಇದೆ, ಪ್ರೋಟೀನ್ ತಯಾರಿಸುವ ರೈಬೋಸೋಮ್ ಇದೆ ಅಂತ ಪುಸ್ತಕದಲ್ಲಿದೆ. ಹಾಗಾದರೆ ತನ್ನ ಪ್ರೋಟೀನ್ ತಾನೇ ಮಾಡಿಕೊಳ್ಳುತ್ತೆ ಅಲ್ವಾ?

ಇಲ್ಲ. ಈ ಒಂದು ತಪ್ಪು ತಿಳಿವಳಿಕೆ ಹೋದರೆ ಉಳಿದದ್ದೆಲ್ಲ ಸುಲಭ.

ಮನುಷ್ಯರ ಮೈಟೊಕಾಂಡ್ರಿಯದ ಡಿಎನ್‌ಎ 16,569 ಬೇಸ್ ಜೋಡಿಗಳ ಒಂದು ಸಣ್ಣ ಉಂಗುರ. ಅದನ್ನು 1981ರಲ್ಲೇ ಕೇಂಬ್ರಿಜ್‌ನಲ್ಲಿ ಪೂರ್ತಿ ಓದಿ ಮುಗಿಸಿದ್ದರು. ಅದರಲ್ಲಿರುವುದು 37 ಜೀನ್. ಆ ಪೈಕಿ 22 ಟಿಆರ್‌ಎನ್‌ಎಗೆ, 2 ಆರ್‌ಆರ್‌ಎನ್‌ಎಗೆ. ಪ್ರೋಟೀನಿಗೆ ಉಳಿಯುವುದು ಬರೀ 13. ಆದರೆ ನಮ್ಮ ಮೈಟೊಕಾಂಡ್ರಿಯದಲ್ಲಿ ಕೆಲಸ ಮಾಡುವ ಪ್ರೋಟೀನ್‌ಗಳು 1,100ಕ್ಕೂ ಜಾಸ್ತಿ ಬಗೆ. ಅಂದರೆ ನೂರಕ್ಕೆ ತೊಂಬತ್ತೊಂಬತ್ತು ಹೊರಗಿನಿಂದ ಬರಬೇಕು.

ಆ 13 ಕೂಡ ಒಂಟಿಯಾಗಿ ಯಾವ ಕೆಲಸಕ್ಕೂ ಬರುವುದಿಲ್ಲ. ಉಸಿರಾಟದ ಸರಪಳಿಯ ಒಂದನೇ ಸಂಕೀರ್ಣಕ್ಕೆ (ಸಂಕೀರ್ಣ ಅಂದರೆ ಒಟ್ಟಿಗೆ ಕೆಲಸ ಮಾಡುವ ಪ್ರೋಟೀನ್‌ಗಳ ಗುಂಪು) 7, ಮೂರನೆಯದಕ್ಕೆ 1, ನಾಲ್ಕನೆಯದಕ್ಕೆ 3, ಕೋಶದ ಇಂಧನವಾದ ಎಟಿಪಿಯನ್ನು ಮಾಡುವ ಎಟಿಪಿ ಸಿಂಥೇಸ್‌ಗೆ 2. ಎರಡನೇ ಸಂಕೀರ್ಣಕ್ಕೆ ಒಂದೂ ಇಲ್ಲ. ಇವೆಲ್ಲವೂ ಹೊರಗಿನಿಂದ ಬಂದ ಪ್ರೋಟೀನ್‌ಗಳ ಜೊತೆ ಸೇರಿದಾಗ ಮಾತ್ರ ಯಂತ್ರ ಪೂರ್ತಿಯಾಗುತ್ತದೆ. ಇನ್ನೂ ಒಂದು ವಿಷಯ ಇದೆ. ಆ ಉಂಗುರದ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವ ಹೊರಗಿನದು. ಒಳಗಿನ ರೈಬೋಸೋಮಿನ ಸುಮಾರು 80 ಪ್ರೋಟೀನ್‌ಗಳೂ ಹೊರಗಿನವು. ‘ಸ್ವಂತ ರೈಬೋಸೋಮ್’ ಅನ್ನುವುದು ಅರ್ಧ ಸತ್ಯ.

ಹೊರಗೆ ಅಂದರೆ ಎಲ್ಲಿ?

ಜೀನ್ ಇರುವುದು ಕೋಶಕೇಂದ್ರದಲ್ಲಿ. ಅಲ್ಲಿಂದ ಎಂಆರ್‌ಎನ್‌ಎ ಹೊರಬಂದು ಕೋಶದ್ರವದ ರೈಬೋಸೋಮಿನಲ್ಲಿ ಪ್ರೋಟೀನ್ ಆಗುತ್ತದೆ. ಜಾಸ್ತಿ ಪಾಲು ಪ್ರೋಟೀನ್‌ಗಳು ಪೂರ್ತಿ ತಯಾರಾದ ಮೇಲೆ ಮೈಟೊಕಾಂಡ್ರಿಯಕ್ಕೆ ಹೋಗುತ್ತವೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಪ್ರೋಟೀನ್ ತಯಾರಾಗುತ್ತಿರುವಾಗಲೇ ಒಳಗೆ ನುಗ್ಗುವುದನ್ನು ನೀವು ಓದಿರುತ್ತೀರಿ, ಅದು ಇಲ್ಲಿಯ ಮುಖ್ಯ ಪದ್ಧತಿ ಅಲ್ಲ. ಹಾಗಂತ ಇಲ್ಲವೇ ಇಲ್ಲ ಎಂದೂ ಬರೆಯಬೇಡಿ. ಯೀಸ್ಟಿನ ಮೈಟೊಕಾಂಡ್ರಿಯದ ಹೊರಪೊರೆಗೆ ರೈಬೋಸೋಮ್‌ಗಳು ಅಂಟಿಕೊಂಡಿರುವುದನ್ನು 1970ರ ದಶಕದಲ್ಲೇ ಕಂಡಿದ್ದರು.

ಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನ್ ಇದೆ. ಇದು ಮೈಟೊಕಾಂಡ್ರಿಯಕ್ಕೇ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ?

ಪ್ರೋಟೀನಿಗೆ ಏನೂ ಗೊತ್ತಿರುವುದಿಲ್ಲ. ಅದರ ಮೊದಲ ತುದಿಯಲ್ಲಿ, ಅಂದರೆ ಅಮೈನೋ ತುದಿಯಲ್ಲಿ, ಸಾಮಾನ್ಯವಾಗಿ 15ರಿಂದ 50 ಅಮೈನೋ ಆಮ್ಲಗಳ ಒಂದು ಜಾಸ್ತಿ ತುಂಡು ಇರುತ್ತದೆ. ಇದನ್ನು ಮುನ್ನಸರಣಿ ಎಂದು ಕರೆಯೋಣ. ಹೋಗಬೇಕಾದ ಜಾಗದ ಗುರುತು ಇದರಲ್ಲೇ ಇದೆ.

ಮಕ್ಕಳು ಕೂಡಲೇ ಕೇಳುವುದು: ಯಾವ ಅಮೈನೋ ಆಮ್ಲಗಳು, ಯಾವ ಕ್ರಮದಲ್ಲಿ? ಕ್ರಮ ಅಂತ ಇಲ್ಲ. ಎರಡು ಪ್ರೋಟೀನ್‌ಗಳ ಮುನ್ನಸರಣಿ ಪಕ್ಕಪಕ್ಕ ಇಟ್ಟರೆ ಹೋಲಿಕೆಯೇ ಕಾಣದಿರಬಹುದು. ಹೊಂದುವುದು ಆಕಾರ. ಆ ತುಂಡು ಸುರುಳಿಯಾಗಿ ಸುತ್ತಿಕೊಂಡಾಗ ಒಂದು ಬದಿಗೆ ಆರ್ಜಿನಿನ್, ಲೈಸಿನ್‌ನಂಥ ಧನ ಆವೇಶದ ಅಮೈನೋ ಆಮ್ಲಗಳು ಬರುತ್ತವೆ. ಇನ್ನೊಂದು ಬದಿಗೆ ನೀರಿಗೆ ಸೇರದ, ಎಣ್ಣೆಯ ಗುಣದವು ಬರುತ್ತವೆ. ಮೈಟೊಕಾಂಡ್ರಿಯದ ಹೊರಪೊರೆಯಲ್ಲಿರುವ ಗ್ರಾಹಕ ಪ್ರೋಟೀನ್‌ಗಳು ಹಿಡಿಯುವುದು ಈ ಎರಡು ಮುಖದ ಸುರುಳಿಯನ್ನು.

ಇದಕ್ಕೆ ಪುರಾವೆ 1984ರಲ್ಲಿ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗಾಟ್‌ಫ್ರೀಡ್ ಶಾಟ್ಸ್ ಅವರ ಗುಂಪು ಒಂದು ತಮಾಷೆಯ ಜೋಡಣೆ ಮಾಡಿತು. ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಇಲಿಯ ಕಿಣ್ವಕ್ಕೂ ಮೈಟೊಕಾಂಡ್ರಿಯಕ್ಕೂ ಸಂಬಂಧವೇ ಇಲ್ಲ, ಅದು ಕೋಶದ್ರವದಲ್ಲಿ ಇರುವಂಥದ್ದು. ಅದರ ತುದಿಗೆ ಯೀಸ್ಟಿನ ಒಂದು ಮೈಟೊಕಾಂಡ್ರಿಯ ಪ್ರೋಟೀನಿನ ಮುನ್ನಸರಣಿಯನ್ನು ಅಂಟಿಸಿದರು. ಕಿಣ್ವ ನೇರ ಮೈಟೊಕಾಂಡ್ರಿಯದ ಒಳಗೆ ಹೋಯಿತು. ಪ್ರೋಟೀನಿನೊಳಗೇ ಅದು ಸೇರಬೇಕಾದ ಜಾಗದ ಸಂಕೇತ ಇರುತ್ತದೆ ಎಂಬ ವಿಚಾರಕ್ಕೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ದಾರಿಯನ್ನು ಒಂದೊಂದೇ ಹಂತವಾಗಿ ಹೇಳುತ್ತೀರಾ?

ಮೈಟೊಕಾಂಡ್ರಿಯಕ್ಕೆ ಎರಡು ಪೊರೆ. ಹೊರಪೊರೆ, ಒಳಪೊರೆ, ಎರಡರ ನಡುವೆ ಸ್ವಲ್ಪ ಜಾಗ, ಒಳಪೊರೆಯ ಒಳಗೆ ಮ್ಯಾಟ್ರಿಕ್ಸ್. ಮ್ಯಾಟ್ರಿಕ್ಸಿಗೆ ಹೋಗುವ ಪ್ರೋಟೀನ್ ಎರಡೂ ಪೊರೆ ದಾಟಬೇಕು.

ಕೋಶದ್ರವದಲ್ಲಿ ಪ್ರೋಟೀನ್ ಮಡಚಿಕೊಳ್ಳದ ಹಾಗೆ ಎಚ್‌ಎಸ್‌ಪಿ70ಯಂಥ ಸಹಾಯಕ ಪ್ರೋಟೀನ್‌ಗಳು ಹಿಡಿದುಕೊಂಡಿರುತ್ತವೆ. ಹೊರಪೊರೆಯಲ್ಲಿ ಟಾಮ್ ಎಂಬ ಸಂಕೀರ್ಣ ಇದೆ. ಟಾಮ್20 ಮತ್ತು ಟಾಮ್22 ಮುನ್ನಸರಣಿಯನ್ನು ಗುರುತಿಸುತ್ತವೆ. ಟಾಮ್20 ಎಣ್ಣೆ ಗುಣದ ಮುಖವನ್ನು ಹಿಡಿಯುತ್ತದೆ, ಟಾಮ್22 ಧನ ಆವೇಶದ ಮುಖವನ್ನು. ಆಮೇಲೆ ಎಳೆ ಟಾಮ್40 ಎಂಬ ರಂಧ್ರದೊಳಗೆ ನುಗ್ಗುತ್ತದೆ. ಟಾಮ್40 ಅಂದರೆ 19 ಬೀಟಾ ಎಳೆಗಳು ವೃತ್ತವಾಗಿ ನಿಂತ ಕೊಳವೆ. ಮೈಟೊಕಾಂಡ್ರಿಯಕ್ಕೆ ಬರುವ ಬಹುತೇಕ ಪ್ರೋಟೀನ್‌ಗಳ ಮೊದಲ ಪ್ರವೇಶ ಇಲ್ಲೇ.

ಎಳೆಯ ತುದಿ ಪೊರೆಗಳ ನಡುವಿನ ಜಾಗಕ್ಕೆ ಬಂದಾಗ ಟಿಮ್50 ಅದನ್ನು ಹಿಡಿದು ಒಳಪೊರೆಯ ಟಿಮ್23 ಸಂಕೀರ್ಣಕ್ಕೆ ಕೊಡುತ್ತದೆ. ಇಲ್ಲಿ ವಿದ್ಯುತ್ತಿನ ಕೆಲಸ ಇದೆ, ಅದನ್ನು ಮುಂದಿನ ಉತ್ತರಕ್ಕೆ ಇಡುತ್ತೇನೆ. ತುದಿ ಮ್ಯಾಟ್ರಿಕ್ಸಿಗೆ ಇಣುಕಿದ ಕೂಡಲೇ ಟಿಮ್44ರ ಪಕ್ಕದಲ್ಲೇ ಕಾದಿರುವ ಮೈಟೊಕಾಂಡ್ರಿಯದ ಎಚ್‌ಎಸ್‌ಪಿ70 ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿತ ಬಿಗಿಯಾಗುವುದು ಎಟಿಪಿ ಒಡೆದಾಗ. ಇನ್ನಷ್ಟು ಎಳೆ ಒಳಬಂದರೆ ಇನ್ನೊಂದು ಎಚ್‌ಎಸ್‌ಪಿ70 ಬಂದು ಹಿಡಿಯುತ್ತದೆ. ಹೀಗೆ ಹಿಂದೆ ಜಾರಲು ಬಿಡದೆ ಎಳೆ ಪೂರ್ತಿ ಒಳಗಾಗುತ್ತದೆ. ಇದು ನಿಜಕ್ಕೂ ಎಳೆಯುತ್ತದಾ, ಅಥವಾ ತಾನಾಗಿ ಅಲುಗಾಡುತ್ತಾ ಬರುವ ಎಳೆಯನ್ನು ಹಿಂದೆ ಹೋಗದಂತೆ ತಡೆಯುತ್ತದಾ ಅಂತ ವಿಜ್ಞಾನಿಗಳು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಎರಡೂ ಸ್ವಲ್ಪ ಸ್ವಲ್ಪ ನಡೆಯುವುದಕ್ಕೆ ಅಡ್ಡಿ ಏನೂ ನನಗೆ ಕಾಣುವುದಿಲ್ಲ.

ಒಳಗೆ ಬಂದ ಮೇಲೆ ಎಂಪಿಪಿ ಎಂಬ ಕಿಣ್ವ ಮುನ್ನಸರಣಿಯನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡನ್ನು ಬೇರೆ ಕಿಣ್ವಗಳು ಚೂರು ಮಾಡುತ್ತವೆ. ಉಳಿದ ಪ್ರೋಟೀನ್ ಮಡಚಿಕೊಂಡು ಸರಿಯಾದ ಆಕಾರಕ್ಕೆ ಬರುತ್ತದೆ. ಎಷ್ಟೋ ಪ್ರೋಟೀನ್‌ಗಳಿಗೆ ಇದಕ್ಕೂ ಎಚ್‌ಎಸ್‌ಪಿ60 ಎಂಬ ಸಹಾಯಕ ಬೇಕು. ಪ್ರೋಟೀನ್‌ಗಳು ತಾವಾಗಿಯೇ ಮಡಚಿಕೊಳ್ಳುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1989ರಲ್ಲಿ, ಆರ್ಥರ್ ಹಾರ್ವಿಚ್ ಮತ್ತು ಫ್ರಾನ್ಜ್ ಉಲ್ರಿಚ್ ಹಾರ್ಟ್ಲ್ ಇದನ್ನು ಯೀಸ್ಟಿನ ಮೈಟೊಕಾಂಡ್ರಿಯದಲ್ಲೇ ತೋರಿಸಿದರು. ಆ ಯೀಸ್ಟಿನಲ್ಲಿ ಎಚ್‌ಎಸ್‌ಪಿ60 ಕೆಟ್ಟಿತ್ತು. ಪ್ರೋಟೀನ್ ಒಳಗೆ ಬಂದಿತ್ತು, ಆದರೆ ಆಕಾರಕ್ಕೆ ಬಂದಿರಲಿಲ್ಲ.

ವಿದ್ಯುತ್ ಯಾಕೆ ಬೇಕು? ಎಟಿಪಿ ಸಾಲದಾ?

ಉಸಿರಾಟದ ಸರಪಳಿ ಪ್ರೋಟಾನ್‌ಗಳನ್ನು ಮ್ಯಾಟ್ರಿಕ್ಸಿನಿಂದ ಹೊರಗೆ ತಳ್ಳುತ್ತಲೇ ಇರುತ್ತದೆ. ಹೊರಗೆ ಧನ ಆವೇಶ ಕೂಡಿಕೊಳ್ಳುತ್ತದೆ, ಒಳಗೆ ಋಣ ಆಗುತ್ತದೆ. ಮುನ್ನಸರಣಿಯಲ್ಲಿ ಧನ ಆವೇಶ ಜಾಸ್ತಿ ಇರುವುದರಿಂದ ಒಳಗಿನ ಋಣ ಅದನ್ನು ಎಳೆದುಕೊಳ್ಳುತ್ತದೆ. ತುದಿ ಒಳಪೊರೆ ದಾಟುವುದು ಹೀಗೆ. ತುದಿ ದಾಟಿದ ಮೇಲಿನ ಉಳಿದ ಎಳೆಗೆ ಎಟಿಪಿ ಬೇಕು. ಎರಡೂ ಬೇಕು, ಆದರೆ ಬೇರೆ ಬೇರೆ ಹಂತಕ್ಕೆ.

ನಮ್ಮ ಕಡೆಯವರಿಗೆ ಇದನ್ನು ಲಿಂಗನಮಕ್ಕಿ ಇಟ್ಟುಕೊಂಡು ಹೇಳಿದರೆ ಬೇಗ ಹಿಡಿಯುತ್ತದೆ. ಶರಾವತಿ ನೀರನ್ನು ನಿಲ್ಲಿಸಿದ ಹಾಗೆ ಇಲ್ಲಿ ಪ್ರೋಟಾನ್ ನಿಲ್ಲಿಸಿದ್ದಾರೆ. ಆ ಸಂಗ್ರಹ ಕೆಳಗಿಳಿಯುವಾಗ ಎಟಿಪಿ ಸಿಂಥೇಸ್ ತಿರುಗುತ್ತದೆ. ಅದೇ ಸಂಗ್ರಹ ಪ್ರೋಟೀನ್ ಒಳಗೆಳೆಯುವುದಕ್ಕೂ ಆಗುತ್ತದೆ. ಮಟ್ಟ ಇಳಿದರೆ ಎರಡೂ ಕೆಲಸ ಕೆಡುತ್ತದೆ.

ಎಷ್ಟು ವಿದ್ಯುತ್? ಸುಮಾರು 150ರಿಂದ 180 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ ಕೊಡುವುದರ ಎಂಟನೇ ಒಂದು ಪಾಲು ಹತ್ತಿರ, ಅಷ್ಟೇನಾ ಅನಿಸುತ್ತದೆ. ಆದರೆ ಪೊರೆಯ ದಪ್ಪ ಸುಮಾರು 6 ನ್ಯಾನೋಮೀಟರ್ ಮಾತ್ರ. ಭಾಗಿಸಿ ನೋಡಿ: ಮೀಟರಿಗೆ ಸುಮಾರು 3 ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರುವುದಕ್ಕೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಆಗುಂಬೆಯ ಮಳೆಗಾಲದಲ್ಲಿ ಸಿಡಿಲು ನೋಡಿದವರಿಗೆ ಈ ಲೆಕ್ಕ ಒಮ್ಮೆ ಮಾಡಿಸುವುದು ನನಗೆ ಇಷ್ಟ.

ಪ್ರಯೋಗಾಲಯದಲ್ಲಿ ಸಿಸಿಸಿಪಿ ಎಂಬ ರಾಸಾಯನಿಕ ಹಾಕಿ ಈ ವಿದ್ಯುತ್ ವ್ಯತ್ಯಾಸವನ್ನು ಅಳಿಸಬಹುದು. ಆಗ ಮುನ್ನಸರಣಿಯ ಪ್ರೋಟೀನ್‌ಗಳು ಒಳಪೊರೆ ದಾಟುವುದಿಲ್ಲ, ಎಟಿಪಿ ಎಷ್ಟಿದ್ದರೂ ಅಷ್ಟೇ.

ಮಡಚಿದ ಪ್ರೋಟೀನ್ ಹಾಗೇ ಒಳಗೆ ಹೋಗುವುದಿಲ್ವಾ?

ರಂಧ್ರ ಸುಮಾರು 2 ನ್ಯಾನೋಮೀಟರ್ ಅಗಲ. ಮಡಚಿದ ಪ್ರೋಟೀನ್ ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಬಿಚ್ಚಿಕೊಂಡೇ ಹೋಗಬೇಕು. ಆದರೆ ಇದನ್ನು ಊಹೆಗೆ ಬಿಡಲಿಲ್ಲ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಯೋಗ ಇದು.

ಮೇಲೆ ಹೇಳಿದ ಇಲಿಯ ಕಿಣ್ವವನ್ನೇ ತೆಗೆದುಕೊಳ್ಳಿ, ಮುನ್ನಸರಣಿ ಅಂಟಿಸಿದ್ದು. ಆ ಕಿಣ್ವಕ್ಕೆ ಮೆಥೊಟ್ರೆಕ್ಸೇಟ್ ಎಂಬ ಔಷಧ ಗಟ್ಟಿಯಾಗಿ ಅಂಟುತ್ತದೆ. ಸಂಧಿವಾತಕ್ಕೂ ಕೆಲವು ಕ್ಯಾನ್ಸರಿಗೂ ಕೊಡುವ ಔಷಧವೇ ಅದು. ಅಂಟಿದರೆ ಕಿಣ್ವ ಬಿಚ್ಚಿಕೊಳ್ಳುವುದಕ್ಕೆ ಆಗುವುದಿಲ್ಲ. 1986ರಲ್ಲಿ ಮಾರ್ಟಿನ್ ಐಲರ್ಸ್ ಮತ್ತು ಶಾಟ್ಸ್ ಹೀಗೆ ಔಷಧ ಹಾಕಿ ನೋಡಿದರು. ಪ್ರೋಟೀನ್ ಒಳಗೆ ಹೋಗಲಿಲ್ಲ. ಔಷಧ ಇಲ್ಲದಿದ್ದಾಗ ಅದೇ ಪ್ರೋಟೀನ್ ಸಲೀಸಾಗಿ ಹೋಯಿತು.

ಈ ಉಪಾಯವನ್ನು ಮುಂದೆ ಬೇರೆಯವರು ಚೆನ್ನಾಗಿ ಬಳಸಿಕೊಂಡರು. ಮುನ್ನಸರಣಿಗೂ ಕಿಣ್ವಕ್ಕೂ ನಡುವೆ ಉದ್ದ ಎಳೆ ಇಟ್ಟರೆ ತುದಿ ಮ್ಯಾಟ್ರಿಕ್ಸಿನಲ್ಲಿ, ಔಷಧ ಅಂಟಿದ ಕಿಣ್ವದ ಗಂಟು ಕೋಶದ್ರವದಲ್ಲಿ, ಎಳೆ ಎರಡೂ ಪೊರೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಟಾಮ್ ಮತ್ತು ಟಿಮ್23 ಒಂದೇ ಎಳೆಗೆ ಒಟ್ಟಿಗೆ ಸಿಕ್ಕಿಬೀಳುತ್ತವೆ. ಪ್ರೋಟೀನ್ ಎರಡೂ ಪೊರೆಯನ್ನು ಒಂದೇ ಸಲಕ್ಕೆ ದಾಟುತ್ತಿರುತ್ತದೆ ಎಂಬುದನ್ನು ವಾಲ್ಟರ್ ನಾಯ್‌ಪರ್ಟ್ ಅವರ ಗುಂಪು 1985ರಲ್ಲೇ ಇನ್ನೊಂದು ರೀತಿಯಲ್ಲಿ ತೋರಿಸಿತ್ತು.

ಎಲ್ಲ ಪ್ರೋಟೀನ್ ಇದೇ ದಾರಿಯಲ್ಲಿ ಹೋಗುತ್ತಾ?

ಇಲ್ಲ. ಮುನ್ನಸರಣಿಯ ದಾರಿಯಲ್ಲಿ ಹೋಗುವುದು ಸುಮಾರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪ್ರೋಟೀನ್‌ಗಳು. ಎಟಿಪಿಯನ್ನು ಹೊರಗೆ ಸಾಗಿಸುವ ವಾಹಕದಂಥ ಒಳಪೊರೆಯ ಪ್ರೋಟೀನ್‌ಗಳಿಗೆ ಮುನ್ನಸರಣಿಯೇ ಇಲ್ಲ, ಸಂಕೇತ ಮೈಯೊಳಗೆ ಹಂಚಿಹೋಗಿದೆ. ಅವನ್ನು ಟಾಮ್70 ಹಿಡಿಯುತ್ತದೆ, ಟಿಮ್9 ಮತ್ತು ಟಿಮ್10 ಜೋಡಿಯಾಗಿ ನಡುವಿನ ಜಾಗ ದಾಟಿಸುತ್ತವೆ, ಟಿಮ್22 ಒಳಪೊರೆಯಲ್ಲಿ ಕೂರಿಸುತ್ತದೆ.

ನಡುವಿನ ಜಾಗದಲ್ಲೇ ಉಳಿಯುವ ಸಣ್ಣ ಪ್ರೋಟೀನ್‌ಗಳದು ಬೇರೆ ಉಪಾಯ. ಅವುಗಳ ಸಿಸ್ಟೀನ್‌ಗಳ ನಡುವೆ ಮಿಯಾ40 ಎಂಬ ಪ್ರೋಟೀನ್ ಗಂಧಕದ ಬಂಧ ಹಾಕುತ್ತದೆ. ಬಂಧ ಬಿದ್ದ ಮೇಲೆ ಅವು ಮಡಚಿಕೊಂಡು ರಂಧ್ರದಲ್ಲಿ ಹಿಂದಕ್ಕೆ ಜಾರಲಾರವು. ಟಾಮ್40ನಂಥ ಹೊರಪೊರೆಯ ಕೊಳವೆ ಪ್ರೋಟೀನ್‌ಗಳು ಟಾಮ್ ಮೂಲಕ ಒಳಗೆ ಬಂದು, ಒಳಗಿನಿಂದ ಸ್ಯಾಮ್ ಸಂಕೀರ್ಣದ ಸಹಾಯದಿಂದ ಹೊರಪೊರೆಯಲ್ಲಿ ಕೂರುತ್ತವೆ. ಆ 13 ಸ್ವಂತ ಪ್ರೋಟೀನ್‌ಗಳನ್ನು ಒಳಗಿನಿಂದ ಒಳಪೊರೆಗೆ ಸೇರಿಸುವುದು ಆಕ್ಸಾ1 ಎಂಬ ಪ್ರೋಟೀನ್.

ಟಾಮ್40 ಕೂಡ ಹೊರಗೆ ತಯಾರಾದ ಪ್ರೋಟೀನೇ. ಅದು ಟಾಮ್ ಮೂಲಕವೇ ಬರಬೇಕಾದರೆ ಮೊದಲ ಟಾಮ್ ಎಲ್ಲಿಂದ ಬಂತು?

ಒಳ್ಳೆ ಪ್ರಶ್ನೆ. ಕೋಶದಲ್ಲಿ ಮೈಟೊಕಾಂಡ್ರಿಯ ಶೂನ್ಯದಿಂದ ಹುಟ್ಟುವುದಿಲ್ಲ. ಇರುವ ಮೈಟೊಕಾಂಡ್ರಿಯ ಬೆಳೆದು ಎರಡಾಗುತ್ತದೆ. ಹಳೆಯದರಲ್ಲಿ ಟಾಮ್ ಇದ್ದೇ ಇರುತ್ತದೆ, ಹೊಸ ಟಾಮ್ ಅದರ ಮೂಲಕ ಬರುತ್ತದೆ. ನಿಮ್ಮ ಮೈಟೊಕಾಂಡ್ರಿಯ ನಿಮ್ಮ ಅಮ್ಮನ ಅಂಡದಿಂದ ಬಂದದ್ದು, ಅಮ್ಮನದು ಅಜ್ಜಿಯಿಂದ. ಹಿಂದೆ ಹಿಂದೆ ಹೋದರೆ ಮುಂದಿನ ಪ್ರಶ್ನೆಗೆ ಬಂದು ನಿಲ್ಲುತ್ತೀರಿ.

ಎಂತಕ್ಕೆ ಇಷ್ಟೆಲ್ಲ ಸರ್ಕಸ್ ಮೇಡಂ? ಜೀನ್ ಒಳಗೇ ಇದ್ದಿದ್ದರೆ ಆಗ್ತಿತ್ತಲ್ಲ?

ಒಂದು ಕಾಲದಲ್ಲಿ ಇದ್ದವು. ಮೈಟೊಕಾಂಡ್ರಿಯ ಮೂಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ. 150 ಕೋಟಿ ವರ್ಷಗಳಿಗೂ ಹಿಂದೆ ಅದು ಇನ್ನೊಂದು ಜೀವಿಯ ಒಳಗೆ ಸೇರಿತು. ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನು ಗಟ್ಟಿಯಾಗಿ ಮುಂದಿಟ್ಟಾಗ ನಂಬಿದವರು ಕಡಿಮೆ. ಆ ಬ್ಯಾಕ್ಟೀರಿಯಾದ ಜೀನ್‌ಗಳು ನಿಧಾನಕ್ಕೆ ಕಳೆದುಹೋದವು, ಇಲ್ಲವೇ ಕೋಶಕೇಂದ್ರಕ್ಕೆ ಸೇರಿದವು. ಜೀನ್ ಹೋದ ಮೇಲೆ ಪ್ರೋಟೀನನ್ನು ವಾಪಸ್ ತರಿಸುವ ವ್ಯವಸ್ಥೆ ಬೇಕಾಯಿತು.

ಆ ವ್ಯವಸ್ಥೆಯಲ್ಲಿ ಹಳೆಯ ಸಾಮಾನು ಇನ್ನೂ ಕಾಣುತ್ತದೆ. ಸ್ಯಾಮ್ ಸಂಕೀರ್ಣದ ಸ್ಯಾಮ್50ಗೆ ಬ್ಯಾಕ್ಟೀರಿಯಾದ ಬ್ಯಾಮ್‌ಎ ಸಂಬಂಧಿ, ಆಕ್ಸಾ1ಗೆ ವೈಐಡಿಸಿ. ಬ್ಯಾಕ್ಟೀರಿಯಾದಲ್ಲಿ ಇವೆರಡೂ ಒಳಗೆ ತಯಾರಾದ ಪ್ರೋಟೀನನ್ನು ಪೊರೆಗೆ ಸೇರಿಸುತ್ತವೆ. ಮೈಟೊಕಾಂಡ್ರಿಯದಲ್ಲೂ ಅವು ಒಳಗಿನಿಂದ ಹೊರಮುಖವಾಗಿಯೇ ಕೆಲಸ ಮಾಡುತ್ತವೆ. ಹೊರಗಿನಿಂದ ಒಳಗೆ ತರುವ ಟಾಮ್ ಹೊಸದಾಗಿ ಕಟ್ಟಿಕೊಂಡದ್ದು.

ಮತ್ತೆ ಆ 13 ಯಾಕೆ ಒಳಗೇ ಉಳಿದವು?

ಎರಡು ವಾದ ಇದೆ. ಒಂದು, ಅವು ಎಣ್ಣೆ ಗುಣ ಜಾಸ್ತಿ ಇರುವ ಪ್ರೋಟೀನ್‌ಗಳು, ಹೊರಗೆ ತಯಾರಾದರೆ ತಪ್ಪು ಪೊರೆಗೆ ಅಂಟಿಕೊಳ್ಳಬಹುದು. ಇನ್ನೊಂದು, ಉಸಿರಾಟದ ಸರಪಳಿಯ ಮುಖ್ಯ ಭಾಗಗಳನ್ನು ಆಯಾ ಮೈಟೊಕಾಂಡ್ರಿಯವೇ ಸ್ಥಳದಲ್ಲಿ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂಬುದು. ಜೊತೆಗೆ ಮೈಟೊಕಾಂಡ್ರಿಯದ ಜೆನೆಟಿಕ್ ಕೋಡ್ ಸ್ವಲ್ಪ ಬೇರೆ. ಹೊರಗೆ ‘ನಿಲ್ಲು’ ಎನ್ನುವ ಯುಜಿಎ ಒಳಗೆ ಟ್ರಿಪ್ಟೊಫಾನ್ ಆಗುತ್ತದೆ. ಈಗ ಜೀನ್ ಹಾಗೇ ಎದ್ದು ಕೋಶಕೇಂದ್ರಕ್ಕೆ ಹೋದರೆ ಓದುವುದಕ್ಕೇ ಬರುವುದಿಲ್ಲ.

ಪ್ರೋಟೀನ್ ತಪ್ಪು ಜಾಗಕ್ಕೆ ಹೋದರೆ ಏನಾಗುತ್ತದೆ?

ಇದಕ್ಕೆ ಎಜಿಟಿ ಎಂಬ ಯಕೃತ್ತಿನ ಕಿಣ್ವಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಮನುಷ್ಯರಲ್ಲಿ ಅದು ಇರಬೇಕಾದದ್ದು ಪೆರಾಕ್ಸಿಸೋಮ್ ಎಂಬ, ಕೋಶದ ಇನ್ನೊಂದು ಸಣ್ಣ ಅಂಗದಲ್ಲಿ. ಅಲ್ಲಿ ಗ್ಲೈಆಕ್ಸಿಲೇಟ್ ಎಂಬ ವಸ್ತುವನ್ನು ಅದು ತೆಗೆದುಹಾಕುತ್ತದೆ. ತೆಗೆಯದಿದ್ದರೆ ಗ್ಲೈಆಕ್ಸಿಲೇಟ್ ಆಕ್ಸಲೇಟ್ ಆಗಿ, ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಕಿಡ್ನಿಯೇ ಕೆಡಬಹುದು.

ಕೆಲವು ರೋಗಿಗಳಲ್ಲಿ ಕಿಣ್ವ ಇರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೂ ರೋಗ ಇರುತ್ತದೆ. ಹುಡುಕಿ ನೋಡಿದರೆ ಕಿಣ್ವದ ಬಹುಪಾಲು ಮೈಟೊಕಾಂಡ್ರಿಯದಲ್ಲಿ ಕೂತಿತ್ತು. ಕಾರಣ ಎರಡು ಬದಲಾವಣೆ ಒಟ್ಟಿಗೆ ಇರುವುದು. ಹನ್ನೊಂದನೇ ಜಾಗದ ಪ್ರೋಲಿನ್ ಹೋಗಿ ಲ್ಯೂಸಿನ್ ಬಂದರೆ ತುದಿಯಲ್ಲಿ ದುರ್ಬಲವಾದ ಒಂದು ಮೈಟೊಕಾಂಡ್ರಿಯ ಸಂಕೇತ ಹುಟ್ಟುತ್ತದೆ. ಇದೊಂದೇ ಇದ್ದರೆ ಅಷ್ಟು ತೊಂದರೆ ಇಲ್ಲ, ಎಷ್ಟೋ ಆರೋಗ್ಯವಂತರಲ್ಲೂ ಇದೆ. ಕಿಣ್ವ ಬೇಗ ಮಡಚಿಕೊಂಡು ಜೋಡಿಯಾಗಿಬಿಡುತ್ತದೆ, ಮಡಚಿದ್ದನ್ನು ಮೈಟೊಕಾಂಡ್ರಿಯ ತೆಗೆದುಕೊಳ್ಳುವುದಿಲ್ಲ. ಪೆರಾಕ್ಸಿಸೋಮ್ ಮಡಚಿದ್ದನ್ನೂ ತೆಗೆದುಕೊಳ್ಳುತ್ತದೆ. ಆದರೆ 170ನೇ ಜಾಗದ ಗ್ಲೈಸಿನ್ ಕೂಡ ಆರ್ಜಿನಿನ್ ಆದರೆ ಮಡಚಿಕೊಳ್ಳುವುದು ತಡವಾಗುತ್ತದೆ. ಅಷ್ಟರೊಳಗೆ ಮೈಟೊಕಾಂಡ್ರಿಯ ಅದನ್ನು ಎಳೆದುಕೊಂಡಾಗಿರುತ್ತದೆ. ಮೆಥೊಟ್ರೆಕ್ಸೇಟ್ ಪ್ರಯೋಗ ಹೇಳಿದ್ದನ್ನೇ ಈ ರೋಗ ಇನ್ನೊಂದು ತುದಿಯಿಂದ ಹೇಳುತ್ತಿದೆ. ಇಂಥ ರೋಗಿಗಳಲ್ಲಿ ಕೆಲವರಿಗೆ ವೈದ್ಯರು ಕೊಡುವ ಬಿ6 ವಿಟಮಿನ್ ಉಪಯೋಗವಾಗುತ್ತದೆ.

ಬೆಕ್ಕಿನಲ್ಲಿ ಇದೇ ಕಿಣ್ವ ಮುಖ್ಯವಾಗಿ ಮೈಟೊಕಾಂಡ್ರಿಯದಲ್ಲೇ ಇರುತ್ತದೆ, ಅದಕ್ಕೆ ಅದೇ ಸರಿ. ಮೊಲದಲ್ಲಿ ಪೆರಾಕ್ಸಿಸೋಮಿನಲ್ಲಿ. ಮಾಂಸ ತಿನ್ನುವ ಪ್ರಾಣಿಗಳಲ್ಲಿ ಗ್ಲೈಆಕ್ಸಿಲೇಟ್ ಜಾಸ್ತಿ ಹುಟ್ಟುವುದು ಮೈಟೊಕಾಂಡ್ರಿಯದಲ್ಲಿ, ಸೊಪ್ಪು ತಿನ್ನುವವುಗಳಲ್ಲಿ ಪೆರಾಕ್ಸಿಸೋಮಿನಲ್ಲಿ ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಕಿಡ್ನಿ ಕಲ್ಲು ಆದವರೆಲ್ಲ ಇದನ್ನು ಓದಿ ಹೆದರಬೇಡಿ. ಇದು ಬಹಳ ಅಪರೂಪದ, ಹುಟ್ಟಿನಿಂದ ಬರುವ ರೋಗ. ಸಾಮಾನ್ಯ ಕಲ್ಲಿಗೆ ಕಾರಣ ಬೇರೆ.

ಮೈಟೊಕಾಂಡ್ರಿಯದ ಕಾಯಿಲೆ ಎಲ್ಲ ತಾಯಿಯಿಂದಲೇ ಬರುತ್ತದಂತೆ, ಹೌದಾ?

ಹೀಗೆ ಕೇಳಿದ್ದು ಒಬ್ಬ ವಿದ್ಯಾರ್ಥಿನಿಯ ಅತ್ತೆ. ಧ್ವನಿಯಲ್ಲಿ ಸ್ವಲ್ಪ ಆರೋಪವೂ ಇತ್ತು. ಉತ್ತರ ಸ್ಪಷ್ಟ: ಇಲ್ಲ. ಆ ಸಣ್ಣ ಉಂಗುರದ 37 ಜೀನ್‌ಗಳಲ್ಲಿ ತೊಂದರೆ ಇದ್ದರೆ ಮಾತ್ರ ತಾಯಿಯ ಕಡೆಯಿಂದ. ಸಾವಿರಕ್ಕೂ ಜಾಸ್ತಿ ಜೀನ್ ಕೋಶಕೇಂದ್ರದಲ್ಲಿ ಇರುವಾಗ, ಅವು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತವೆ. ಮೇಲೆ ಹೇಳಿದ ಎಜಿಟಿ ರೋಗಕ್ಕೂ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು.

ಆಮದು ವ್ಯವಸ್ಥೆಯೇ ಕೆಟ್ಟು ಬರುವ ರೋಗಗಳೂ ಇವೆ. ಟಿಮ್8ರ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಚಿಕ್ಕಂದಿನಲ್ಲೇ ಕಿವುಡು ಬರುತ್ತದೆ, ಆಮೇಲೆ ಸ್ನಾಯುಗಳು ಹಿಡಿತ ತಪ್ಪಿ ತಿರುಚಿಕೊಳ್ಳುತ್ತವೆ. ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಎಚ್‌ಎಸ್‌ಪಿ70ಗೆ ಜೊತೆಯಾಗುವ ಡಿಎನ್‌ಎಜೆಸಿ19 ಕೆಟ್ಟರೆ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ನಡಿಗೆ ತಪ್ಪುತ್ತದೆ. ಕೆನಡಾದ ಹಟರೈಟ್ ಸಮುದಾಯದಲ್ಲಿ ಇದನ್ನು ಮೊದಲು ಗುರುತಿಸಿದರು.

ಪಾರ್ಕಿನ್ಸನ್ ರೋಗಕ್ಕೂ ಇದಕ್ಕೂ ಸಂಬಂಧ ಅಂತ ಕೇಳಿದ್ದೆ.

ಚಿಕ್ಕ ವಯಸ್ಸಿನಲ್ಲಿ ಬರುವ ಕೆಲವು ಬಗೆಗೆ ಇದೆ. ಪಿಂಕ್1 ಎಂಬ ಪ್ರೋಟೀನ್ ಆರೋಗ್ಯವಾಗಿರುವ ಮೈಟೊಕಾಂಡ್ರಿಯಕ್ಕೆ ದಿನವೂ ಆಮದಾಗುತ್ತದೆ. ಒಳಪೊರೆಯ ಹತ್ತಿರ ಪಾರ್ಲ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ, ಅದು ನಾಶವಾಗುತ್ತದೆ. ಸುಮ್ನೆ ಮಾಡಿ ಸುಮ್ನೆ ಹಾಳು ಮಾಡಿದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಮೈಟೊಕಾಂಡ್ರಿಯ ಕೆಟ್ಟು ಒಳಪೊರೆಯ ವಿದ್ಯುತ್ ಇಳಿದಾಗ ಪಿಂಕ್1 ಒಳಗೆ ಹೋಗಲಾರದೆ ಟಾಮ್ ಮೇಲೆಯೇ ಕೂಡಿಕೊಳ್ಳುತ್ತದೆ. ಅದು ಪಾರ್ಕಿನ್ ಎಂಬ ಪ್ರೋಟೀನನ್ನು ಕರೆಯುತ್ತದೆ, ಪಾರ್ಕಿನ್ ಆ ಮೈಟೊಕಾಂಡ್ರಿಯಕ್ಕೆ ಗುರುತು ಹಾಕುತ್ತದೆ, ಕೋಶ ಅದನ್ನು ಕರಗಿಸುತ್ತದೆ. ಅಂದರೆ ಆಮದು ನಿಂತಿದ್ದೇ ಕೋಶಕ್ಕೆ ಸಿಗುವ ಸುದ್ದಿ. ಪಿಂಕ್1 ಅಥವಾ ಪಾರ್ಕಿನ್ ಜೀನ್ ಕೆಟ್ಟವರಲ್ಲಿ ಈ ವಿಲೇವಾರಿ ಸರಿಯಾಗಿ ನಡೆಯುವುದಿಲ್ಲ.

ವೈರಸ್‌ಗಳು ಈ ವ್ಯವಸ್ಥೆಗೆ ಕೈ ಹಾಕುತ್ತವಾ?

ಹಾಕುತ್ತವೆ. ಕೊರೊನಾ ವೈರಸ್ಸಿನ ಓಆರ್‌ಎಫ್9ಬಿ ಎಂಬ ಪ್ರೋಟೀನ್ ಟಾಮ್70ಗೆ ಅಂಟುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ವೈರಸ್ ವಿರುದ್ಧ ಕೋಶ ಎಚ್ಚರಗೊಳ್ಳುವ ಕೆಲಸದಲ್ಲೂ ಟಾಮ್70 ಪಾಲು ಇದೆ.

ನಮ್ಮ ಗದ್ದೆಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಹೈಬ್ರಿಡ್ ಭತ್ತ ಹಾಕಿದ್ದರೆ ನೇರ ಸಂಬಂಧ ಇದೆ. (ನಮ್ಮ ಕಡೆ ಈಗ ಗದ್ದೆಗಿಂತ ತೋಟದ ಮೇಲೇ ಗಮನ ಜಾಸ್ತಿ, ಆದರೂ ಕೇಳಿದವರಿದ್ದಾರೆ.)

ಭತ್ತದ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತದೆ, ತನ್ನ ಪರಾಗ ತನಗೇ ಬೀಳುತ್ತದೆ. ಹೈಬ್ರಿಡ್ ಬೀಜ ಮಾಡಬೇಕಾದರೆ ತಾಯಿ ಸಾಲಿನಲ್ಲಿ ಪರಾಗವೇ ಇರಬಾರದು. 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ ಪರಾಗ ಸತ್ತ ಒಂದು ಕಾಡುಭತ್ತ ಸಿಕ್ಕಿತು. ಅದರ ಕೋಶದ್ರವವನ್ನೇ ಬಹಳಷ್ಟು ಹೈಬ್ರಿಡ್‌ಗಳ ತಾಯಿ ಸಾಲುಗಳು ಹೊತ್ತಿವೆ. ಮಂಡ್ಯದಿಂದ 1996ರಲ್ಲಿ ಬಂದ ಕೆಆರ್‌ಎಚ್-2ರ ತಾಯಿ ಸಾಲೂ ಈ ಜಾತಿಯದೇ.

ಪರಾಗ ಯಾಕೆ ಸಾಯುತ್ತದೆ? ಆ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಡಬ್ಲ್ಯುಎ352 ಎಂಬ ಹೊಸ ಜೀನ್ ಹುಟ್ಟಿಕೊಂಡಿದೆ. ಅದರ ಪ್ರೋಟೀನ್ ಕಾಕ್ಸ್11 ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿ ಪರಾಗಕೋಶವನ್ನು ಕೆಡಿಸುತ್ತದೆ ಎಂದು ಚೀನಾದ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಕಾಕ್ಸ್11 ಹೊರಗಿನಿಂದ ಆಮದಾದದ್ದು. ಹಾಗಾದರೆ ರೈತನ ಗದ್ದೆಯಲ್ಲಿ ಹೈಬ್ರಿಡ್ ಭತ್ತ ಕಾಳು ಕಟ್ಟುವುದು ಹೇಗೆ? ತಂದೆ ಸಾಲು ಆರ್‌ಎಫ್4ನಂಥ ಜೀನ್ ಕೊಡುತ್ತದೆ. ಅದು ಕೋಶಕೇಂದ್ರದ ಜೀನ್. ಅದರ ಪ್ರೋಟೀನ್ ಮೈಟೊಕಾಂಡ್ರಿಯಕ್ಕೆ ಆಮದಾಗಿ, ಡಬ್ಲ್ಯುಎ352ರ ಆರ್‌ಎನ್‌ಎಯನ್ನು ಕಡಿಮೆ ಮಾಡುತ್ತದೆ. ಪರಾಗ ಬದುಕುತ್ತದೆ. ತಂದೆಯ ಮೈಟೊಕಾಂಡ್ರಿಯ ಬೀಜಕ್ಕೆ ಬರುವುದಿಲ್ಲ, ಆದರೆ ತಂದೆಯ ಜೀನಿನ ಪ್ರೋಟೀನ್ ತಾಯಿಯ ಮೈಟೊಕಾಂಡ್ರಿಯದ ಒಳಗೆ ಹೋಗಿ ಸರಿ ಮಾಡುತ್ತದೆ.

ಹೈಬ್ರಿಡ್ ಬೆಳೆಯ ಕಾಳನ್ನೇ ಮುಂದಿನ ವರ್ಷ ಬೀಜಕ್ಕೆ ಇಟ್ಟರೆ ಸಸಿಗಳು ಒಂದೇ ರೀತಿ ಬರುವುದಿಲ್ಲ. ಈ ಸರಿಪಡಿಸುವ ಜೀನ್ ಸಿಗದ ಗಿಡಗಳಲ್ಲಿ ತೆನೆ ಜಳ್ಳಾಗುತ್ತದೆ.

ಗಿಡದಲ್ಲಿ ಕ್ಲೋರೋಪ್ಲಾಸ್ಟ್ ಕೂಡ ಇದೆಯಲ್ಲ, ಗೊಂದಲ ಆಗುವುದಿಲ್ವಾ?

ಕ್ಲೋರೋಪ್ಲಾಸ್ಟಿಗೆ ಟಾಕ್ ಮತ್ತು ಟಿಕ್ ಎಂಬ ಬೇರೆ ವ್ಯವಸ್ಥೆ ಇದೆ, ಅದರ ಸಂಕೇತದ ಗುಣವೂ ಬೇರೆ. ಆದರೂ ಕೆಲವು ಪ್ರೋಟೀನ್‌ಗಳು ಎರಡು ಕಡೆಗೂ ಹೋಗುತ್ತವೆ. ಬಟಾಣಿಯ ಗ್ಲುಟಥಯೋನ್ ರಿಡಕ್ಟೇಸ್ ಹಾಗೆ. ಅದು ಗೊಂದಲ ಅಲ್ಲ, ಎರಡೂ ಕಡೆ ಬೇಕಾದದ್ದು.

ಪ್ರೋಟೀನ್ ಪೌಡರ್ ತಿಂದರೆ ಮೈಟೊಕಾಂಡ್ರಿಯಕ್ಕೆ ಹೋಗುತ್ತಾ?

ಇಲ್ಲ. ತಿಂದ ಪ್ರೋಟೀನ್ ಹೊಟ್ಟೆಯಲ್ಲೇ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ.

ಇದನ್ನೆಲ್ಲ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನೋಡಬಹುದಾ?

ಮೈಟೊಕಾಂಡ್ರಿಯ ನೋಡಬಹುದು. ಈರುಳ್ಳಿ ಸಿಪ್ಪೆಯ ಒಳಪದರಕ್ಕೆ ಜಾನಸ್ ಗ್ರೀನ್ ಬಿ ಬಣ್ಣ ಹಾಕಿದರೆ ಜೀವಂತ ಕೋಶದಲ್ಲಿ ನೀಲಿ ಹಸಿರು ಚುಕ್ಕೆಗಳಾಗಿ ಕಾಣುತ್ತದೆ. ಬೇಗ ನೋಡಿ, ಬಣ್ಣ ನಿಲ್ಲುವುದಿಲ್ಲ.

ಪ್ರೋಟೀನ್ ಒಳಗೆ ಹೋಗುವುದನ್ನು ತೋರಿಸುವ ಪ್ರಯೋಗಕ್ಕೆ ದೊಡ್ಡ ಲ್ಯಾಬ್ ಬೇಕು. ಯೀಸ್ಟಿನಿಂದ ಮೈಟೊಕಾಂಡ್ರಿಯ ಬೇರ್ಪಡಿಸುತ್ತಾರೆ. ವಿಕಿರಣದ ಗಂಧಕ ಇರುವ ಮೆಥಿಯೋನಿನ್ ಹಾಕಿ ಟ್ಯೂಬಿನಲ್ಲೇ ಒಂದು ಪ್ರೋಟೀನ್ ತಯಾರಿಸುತ್ತಾರೆ. ಎರಡನ್ನೂ ಸೇರಿಸಿ ಕೆಲವು ನಿಮಿಷ ಬಿಟ್ಟು, ಪ್ರೋಟೀನೇಸ್ ಕೆ ಹಾಕುತ್ತಾರೆ. ಹೊರಗೆ ಉಳಿದದ್ದನ್ನು ಅದು ತಿಂದುಹಾಕುತ್ತದೆ, ಒಳಗೆ ಹೋದದ್ದು ಉಳಿಯುತ್ತದೆ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದರೆ ಮುನ್ನಸರಣಿ ಕತ್ತರಿಸಿಹೋದ ಪ್ರೋಟೀನ್ ಸ್ವಲ್ಪ ಚಿಕ್ಕದಾಗಿ, ಕೆಳಗೆ ಕಾಣುತ್ತದೆ. ಎಷ್ಟು ಸರಳ ತರ್ಕ ನೋಡಿ. ಈ ಕ್ಷೇತ್ರದ ಅರ್ಧದಷ್ಟು ತಿಳಿವಳಿಕೆ ಹೀಗೆ ಎರಡು ಪಟ್ಟಿಗಳ ಎತ್ತರ ನೋಡಿಯೇ ಬಂದದ್ದು ಅಂದರೆ ತಪ್ಪಿಲ್ಲ. ಮುಂದೆ ಇದರಲ್ಲೇ ಸಂಶೋಧನೆ ಮಾಡುವ ಆಸೆ ಇದ್ದರೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಈ ಕೆಲಸ ನಡೆದಿದೆ.

ಪರೀಕ್ಷೆಯಲ್ಲಿ ಒಳಪೊರೆಯ ರಂಧ್ರ ಟಿಮ್23 ಅಂತ ಬರೆಯಲಾ, ಟಿಮ್17 ಅಂತ ಬರೆಯಲಾ? ನೆಟ್‌ನಲ್ಲಿ ಎರಡೂ ಇದೆ.

ಹಳೆಯ ಪುಸ್ತಕಗಳಲ್ಲೆಲ್ಲ ಟಿಮ್23 ಪ್ರೋಟೀನೇ ರಂಧ್ರ, ಟಿಮ್17 ಅದರ ಜೊತೆಗಾರ. 2023ರಲ್ಲಿ ಬಂದ ಎರಡು ಅಧ್ಯಯನಗಳು ಇದನ್ನು ತಿರುಗಿಸಿ ಹಾಕಿದವು. ಎಳೆ ಸಾಗುವುದು ಟಿಮ್17ರ ಬದಿಯ ಒಂದು ತಗ್ಗಿನ ಮೂಲಕ, ಟಿಮ್23 ಹೆಚ್ಚಾಗಿ ಆಧಾರವಾಗಿ ನಿಂತಿರುತ್ತದೆ ಎಂದು ಅವು ತೋರಿಸಿದವು. ಪೂರ್ತಿ ಸುತ್ತುವರಿದ ಕೊಳವೆಯೇ ಅಲ್ಲ ಅದು.

ಸಂಕೀರ್ಣದ ಹೆಸರು ಬದಲಾಗಿಲ್ಲ. ಆದ್ದರಿಂದ ‘ಟಿಮ್23 ಸಂಕೀರ್ಣದ ಮೂಲಕ’ ಎಂದು ಬರೆದರೆ ಹಳೆಯ ಪುಸ್ತಕ ಓದಿದ ಮೌಲ್ಯಮಾಪಕರೂ ಅಂಕ ಕೊಡುತ್ತಾರೆ, ಹೊಸದು ಓದಿದವರೂ ಕೊಡುತ್ತಾರೆ. ಬಿಎಸ್ಸಿ ಸೆಮಿನಾರಿನಲ್ಲಿ ಮಾತ್ರ ಟಿಮ್17ರ ವಿಷಯ ಬಿಡಬೇಡಿ, ಮತ್ತು ಹಳೆಯ ಚಿತ್ರ ಹಾಕುವುದಾದರೆ ಅದು ಯಾವ ಇಸವಿಯದು ಅಂತ ಕೆಳಗೆ ಬರೆಯಿರಿ.